ಆಮೆಯ ಮುನಿಸು

ಮನೆಯಲ್ಲಿ ಸಾಕಿದ ಆಮೆಯು ಇದ್ದಕ್ಕಿದ್ದಂತೆ ಒಂದು ದಿನ ಮೇವು ಮುಟ್ಟದೆ ಮೂಲೆ ಸೇರಿತೆಂದರೆ, "ಅದಕ್ಕೆ ಮುನಿಸು ಬಂದಿದೆ" ಎನ್ನುವವರೇ ನಮ್ಮಲ್ಲಿ ಹೆಚ್ಚು. ಊರಿಗೆ ಹೋದ ಅಕ್ಕನ ನೆನಪಾಗಿರಬೇಕೆಂದು ಒಬ್ಬರು, ದೃಷ್ಟಿ ತಗುಲಿರಬೇಕೆಂದು ಇನ್ನೊಬ್ಬರು. ಮಮತೆಯಿಂದ ಆಡಿದ ಮಾತುಗಳೇ ಇವು. ಆದರೂ ಈ ಮಮತೆಯಿಂದ ಆಮೆಗೆ ಒಳ್ಳೆಯದಾಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಮುನಿಸಾದರೆ ತಾನೇ ಇಳಿದೀತೆಂದು ನಾವು ಸುಮ್ಮನೆ ಕಾಯುತ್ತೇವೆ. ಆಮೆಯಾದರೋ ವಾರಗಟ್ಟಲೆ ಉಪವಾಸವಿದ್ದರೂ ಸೊಲ್ಲೆತ್ತದ ಪ್ರಾಣಿ. ನಾಯಿ ನರಳುತ್ತದೆ, ಬೆಕ್ಕು ಕೂಗುತ್ತದೆ. ಚಿಪ್ಪಿನೊಳಗೆ ಕರಗುತ್ತಿರುವ ಮೈ ಮಾತ್ರ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಬೀಳುವ ವೇಳೆಗೆ ಅನೇಕ ಸಲ ಕಾಲ ಮಿಂಚಿರುತ್ತದೆ.

ನಮ್ಮ ಹಸಿವು ಹೊಟ್ಟೆಯಲ್ಲಿ ಹುಟ್ಟಿದರೆ ಆಮೆಯ ಹಸಿವು ಬಿಸಿಲಿನಲ್ಲಿ ಹುಟ್ಟುತ್ತದೆ ಎಂದರೆ ಬಹಳ ತಪ್ಪಾಗಲಾರದು. ನಾವು ಉಂಡ ಅನ್ನದ ಒಂದು ಪಾಲನ್ನು ಉರಿಸಿ ಮೈಯನ್ನು ಬೆಚ್ಚಗಿಟ್ಟುಕೊಳ್ಳುತ್ತೇವೆ. ಸರೀಸೃಪಗಳಿಗೆ ಆ ಒಲೆ ಇಲ್ಲ. ಸುತ್ತಲಿನ ನೀರು, ನೆಲ, ಗಾಳಿಗಳ ಬಿಸುಪೇ ಅವುಗಳ ಮೈಯ ಬಿಸುಪು. ಮೈ ತಣ್ಣಗಾದೊಡನೆ ಜೀರ್ಣರಸಗಳ ಕೆಲಸ ಕುಂಠಿತವಾಗುತ್ತದೆ, ಹಸಿವೂ ಅಡಗುತ್ತದೆ. ಅಂಥ ಸಮಯದಲ್ಲಿ ಬಲವಂತದಿಂದ ಬಾಯಿ ಬಿಡಿಸಿ ತುರುಕಿದ ಆಹಾರವು ಅರಗದೆ ಹೊಟ್ಟೆಯಲ್ಲಿಯೇ ಕೊಳೆಯುತ್ತದೆ. ನಮ್ಮ ನಗರಗಳಲ್ಲಿ ಗಾಜಿನ ತೊಟ್ಟಿಗಳಲ್ಲಿ ಸಾಕುವ, ಕಣ್ಣಿನ ಹಿಂದೆ ಕೆಂಪು ಪಟ್ಟಿಯುಳ್ಳ ಪುಟ್ಟ ಆಮೆಯ ತವರು ಅಮೆರಿಕದ ಮಿಸಿಸಿಪಿ ನದಿಯ ಬಯಲು. (ನಮ್ಮ ನಾಡಿನ ನಕ್ಷತ್ರ ಆಮೆಯ ಮಾತು ಬೇರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದನ್ನು ಹಿಡಿದು ತಂದು ಸಾಕುವುದೇ ಅಪರಾಧ.) ಈ ಕೆಂಪು ಪಟ್ಟಿಯ ಆಮೆಗೆ ಸುಮಾರು 25 ಡಿಗ್ರಿ ಸೆಲ್ಸಿಯಸ್ಸಿನ ನೀರು ಹಿತ. ಚಳಿಯೇ ಇಲ್ಲವೆಂದು ನಾವು ಹೇಳಿಕೊಳ್ಳುವ ಮುಂಬಯಿಯಲ್ಲಿಯೂ ಜನವರಿಯ ರಾತ್ರಿಗಳು ಕೆಲವೊಮ್ಮೆ 15 ಡಿಗ್ರಿಗೆ ಇಳಿಯುತ್ತವೆ. ಪುಣೆಯಲ್ಲಿ 10ಕ್ಕೆ, ದೆಹಲಿಯಲ್ಲಿ 5ಕ್ಕಿಂತಲೂ ಕೆಳಗೆ. ಇನ್ನು ಮೇ ತಿಂಗಳ ಸೆಕೆಯಲ್ಲಿ ನಮಗಾಗಿ ತಂಪಾಗಿಸಿದ ಕೋಣೆಯಲ್ಲಿ ತೊಟ್ಟಿಯನ್ನಿಟ್ಟರೆ ಆಮೆಯ ಪಾಲಿಗೆ ಅದೇ ಚಳಿಗಾಲ!

ಈ ವಿಷಯದಲ್ಲಿ ನಮಗೆ ಗುರುವಾಗಬಲ್ಲವರೊಬ್ಬರು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿದ್ದರು. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟರು ತಮ್ಮ ಸೋದರತ್ತೆ ತೀರಿಕೊಂಡ ಮೇಲೆ, 1780ರಲ್ಲಿ, ಆಕೆಯ ಆಮೆಯನ್ನು ಮನೆಗೆ ತಂದರು. ಅದರ ಹೆಸರು ಟಿಮೊತಿ. ಅದನ್ನು ಅವರು ಅತ್ತೆಯ ಮನೆಯಲ್ಲಿದ್ದಾಗಿನಿಂದಲೇ ಗಮನಿಸುತ್ತಿದ್ದರು. ನವೆಂಬರಿನಲ್ಲಿ ನೆಲ ತೋಡಿ ಮಲಗುವುದು, ಏಪ್ರಿಲಿನಲ್ಲಿ ಮೇಲೇಳುವುದು. ಎದ್ದ ಹೊಸದರಲ್ಲಿ ತಿನ್ನುವ ಆಸೆಯೇ ಇಲ್ಲ. ನಡುಬೇಸಗೆಯಲ್ಲಿ ಕಂಡಕಂಡ ಸೊಪ್ಪನ್ನೆಲ್ಲ ಕಬಳಿಸುವುದು. ಶರತ್ಕಾಲದ ಕೊನೆಯ ಆರು ವಾರ ಮತ್ತೆ ಹೆಚ್ಚುಕಡಮೆ ಉಪವಾಸ. ಇದನ್ನೆಲ್ಲ ವರ್ಷವರ್ಷವೂ ತಾರೀಖಿನೊಡನೆ ಬರೆದಿಟ್ಟರು, ಆಮೆಯನ್ನು ಆಗಾಗ ತೂಗಿಯೂ ನೋಡಿದರು. ಬರೆದಿಟ್ಟವರಿಗೆ ಆ ಆರು ವಾರದ ಉಪವಾಸ ಹೊಸದಾಗಿ ಕಾಣಲಿಲ್ಲ. ಬರೆಯದಿದ್ದವರಾಗಿದ್ದರೆ ಪ್ರತಿ ಶರತ್ಕಾಲದಲ್ಲಿಯೂ "ಅಯ್ಯೋ, ಆಮೆಗೇನಾಯಿತು?" ಎಂದು ಗಾಬರಿಗೊಳ್ಳುತ್ತಿದ್ದರು.

ಬೇಸಗೆಯ ಮೊದಲಲ್ಲಿ ಟಿಮೊತಿಗೆ ಇನ್ನೊಂದು ಬಗೆಯ ಬದಲಾವಣೆಯೂ ಆಗುತ್ತಿತ್ತು. ಮುಂಜಾನೆ ಐದು ಗಂಟೆಗೇ ಎದ್ದು, ತುದಿಗಾಲ ಮೇಲೆ ನಿಂತಂತೆ ಮೈಯೆತ್ತಿ ನಡೆಯುತ್ತ, ತೋಟದ ಬೇಲಿಯ ಕಿಂಡಿಗಳನ್ನೂ ಬಾಗಿಲುಗಳನ್ನೂ ಪರೀಕ್ಷಿಸುತ್ತಿತ್ತು. 1784ರ ಮೇ ತಿಂಗಳಲ್ಲಿ ತಪ್ಪಿಸಿಕೊಂಡು ಕೆಲವು ದಿನ ಕಾಣದೆಯೂ ಹೋಯಿತು. ಸಂಗಾತಿಯನ್ನು ಅರಸುವ ಗಂಡಿನ ವಿರಹವಿದೆಂದು ವೈಟರು ವಿನೋದದಿಂದ ಬಗೆದರು. ಟಿಮೊತಿ ಹೆಣ್ಣಾಮೆಯೆಂದು ತಿಳಿದದ್ದು ಅದು ಸತ್ತ ಮೇಲೆ, ಚಿಪ್ಪನ್ನು ಪರೀಕ್ಷಿಸಿದಾಗ. ಹೆಣ್ಣಾಮೆಯು ಗಂಡಿನ ಸಹವಾಸವಿಲ್ಲದೆಯೂ ಮೊಟ್ಟೆಯಿಡುವುದುಂಟು. ಆ ದಿನಗಳಲ್ಲಿ ಮೇವು ಬಿಟ್ಟು, ಹದವಾದ ಮಣ್ಣನ್ನು ಹುಡುಕುತ್ತ ಚಡಪಡಿಸುವುದೂ ಉಂಟು. ಟಿಮೊತಿಯ ಅಲೆದಾಟಕ್ಕೂ ಇದೇ ಕಾರಣವಾಗಿದ್ದಿರಬಹುದೆಂದು ನನಗೆ ತೋರುತ್ತದೆ. ಅಂಥ ಪಂಡಿತರ ವ್ಯಾಖ್ಯಾನವೇ ನಿಲ್ಲಲಿಲ್ಲ; ಅವರು ಬರೆದ ತಾರೀಖುಗಳು ಮಾತ್ರ ಇಂದಿಗೂ ಉಪಯೋಗಕ್ಕೆ ಬರುತ್ತಿವೆ.

ಆದುದರಿಂದ ವಿದ್ಯಾರ್ಥಿ ಮಿತ್ರರೇ, ನನ್ನ ವಾದ ತುಸು ಕಠಿನವಾಗಿಯೇ ಇದೆ. ಒಂದು ಉಷ್ಣಮಾಪಕ, ಒಂದು ಸಣ್ಣ ತಕ್ಕಡಿ, ಒಂದು ನೋಟುಪುಸ್ತಕ, ಇವು ಮೂರೂ ಇಲ್ಲದ ಮನೆಗೆ ಆಮೆಯನ್ನು ತರಲೇಬಾರದು. ತಕ್ಕಡಿ ಅಡಿಗೆಮನೆಯದಾಗಬಾರದು. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದುಂಟು. ಮಕ್ಕಳಿಗೆ ಅದು ತಗುಲಿದುದರಿಂದಲೇ 1975ರಲ್ಲಿ ಅಮೆರಿಕವು 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಪುಸ್ತಕದಲ್ಲಿ ದಿನವೂ ನೀರಿನ ಉಷ್ಣತೆ, ತಿಂದದ್ದೇನು, ಬಿಟ್ಟದ್ದೇನು ಎಂದು ಒಂದು ಸಾಲು, ವಾರಕ್ಕೊಮ್ಮೆ ತೂಕ. ಶಾಲೆಯ ಲೆಕ್ಕಗಳೇ ಮುಗಿಯುತ್ತಿಲ್ಲ, ಇದೊಂದು ಬೇರೆಯೇ ಎಂದು ನೀವು ಮುಖ ಸಿಂಡರಿಸಬಹುದು. ಅರ್ಧ ನಿಮಿಷದ ಕೆಲಸವಷ್ಟೆ.

ಚಳಿಯೊಂದೇ ಕಾರಣವೆಂದು ತಿಳಿದು ನಿಶ್ಚಿಂತರಾಗುವುದೂ ಯುಕ್ತವಲ್ಲ. ನೀರು ಬೆಚ್ಚಗಿದ್ದೂ ಆಮೆ ತಿನ್ನದಿದ್ದರೆ ಅದನ್ನು ಕೈಗೆತ್ತಿಕೊಂಡು ನೋಡಬೇಕು. ಒಣಸೀಗಡಿಯೊಂದನ್ನೇ ತಿಂದು ಬೆಳೆದ ಆಮೆಗೆ ಎ ಜೀವಸತ್ವದ ಕೊರತೆಯಿಂದ ಕಣ್ಣುಗಳು ಬಾತು ಮುಚ್ಚಿಕೊಳ್ಳುತ್ತವೆ. ಕಾಣದಿದ್ದ ಮೇಲೆ ತಿನ್ನುವುದೆಂತು? ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿ ತೇಲುತ್ತ, ಬಾಯಿ ತೆರೆದು ಉಸಿರಾಡುತ್ತ, ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ ಶ್ವಾಸಕೋಶಕ್ಕೆ ರೋಗ ತಗುಲಿದೆಯೆಂದು ಶಂಕಿಸಬೇಕು. ಚಿಪ್ಪು ಮೆತ್ತಗಾಗಿದ್ದರೆ ಸುಣ್ಣದ ಅಂಶವೂ ಬಿಸಿಲೂ ಸಾಲದು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಬೆಳಕನ್ನು ಕೊಟ್ಟೀತೇ ಹೊರತು ಎಲುಬಿಗೆ ಬೇಕಾದ ಕಿರಣಗಳನ್ನು ಕೊಡಲಾರದು. ಗಾಜು ಅವನ್ನು ತಡೆಯುತ್ತದೆ. ತೊಟ್ಟಿಯನ್ನು ಕಿಟಕಿಯ ಬಳಿ ಇಟ್ಟು ತೃಪ್ತರಾಗುವವರು ಇದನ್ನು ಅರಿಯರು.

ಇಂಥ ಲಕ್ಷಣಗಳು ಕಂಡರೆ ಮನೆಮದ್ದು ಬೇಡ, ಪಶುವೈದ್ಯರಲ್ಲಿಗೆ ಹೋಗಬೇಕು. ಮುಂಬಯಿಯವರಿಗೆ ಪರೇಲಿನಲ್ಲಿ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯ ಪ್ರಾಣಿಗಳ ಆಸ್ಪತ್ರೆಯೇ ಇದೆ. ಎಂದಿನಿಂದ ತಿಂದಿಲ್ಲ, ನೀರು ಎಷ್ಟು ಬೆಚ್ಚಗಿತ್ತು, ಹಿಂದಿನ ತಿಂಗಳು ತೂಕವೆಷ್ಟಿತ್ತು ಎಂದು ವೈದ್ಯರು ಕೇಳುತ್ತಾರೆ. "ನಿನ್ನೆಯವರೆಗೆ ಚೆನ್ನಾಗಿಯೇ ಇತ್ತು" ಎಂಬ ಉತ್ತರದಿಂದ ಅವರಿಗೆ ಕಿಂಚಿತ್ತೂ ಪ್ರಯೋಜನವಿಲ್ಲ. ಕೊಂಡೊಯ್ಯುವಾಗ ನೀರು ತುಂಬಿದ ಡಬ್ಬಿ ಬೇಡ. ನಿಶ್ಶಕ್ತವಾದ ಆಮೆ ತಲೆಯೆತ್ತಲಾರದೆ ಮುಳುಗುವುದುಂಟು. ಒದ್ದೆ ಬಟ್ಟೆ ಹಾಸಿದ, ಗಾಳಿಗೆ ತೂತುಗಳಿರುವ ರಟ್ಟಿನ ಪೆಟ್ಟಿಗೆ ಸಾಕು. ನೋಟುಪುಸ್ತಕವನ್ನು ಮಾತ್ರ ಮರೆಯದೆ ಜೊತೆಗೊಯ್ಯಿರಿ.