ಒಂದು ಕಪ್ ಅಂದ್ರೆ ಯಾವ ಕಪ್ ಸ್ವಾಮೀ?

ಈ ಜಗಳ ತೆಗೆಯೋದು ಬೇಡ ಅಂತ ಬಹಳ ದಿನ ಸುಮ್ಮನಿದ್ದೆ. ನಿನ್ನೆ ರಾತ್ರಿ ತಡೆಯೋಕೆ ಆಗಲಿಲ್ಲ.

ನಾನಿರೋದು ಟೋಕಿಯೋದಲ್ಲಿ. ನಮ್ಮ ರೂಮಿಗೆ ಹೊಸದಾಗಿ ಬಂದ ಹುಡುಗ ಯಾವುದೋ ರೆಸಿಪಿ ನೋಡಿಕೊಂಡು ಎರಡು ಕಪ್ ಅಕ್ಕಿ ಹಾಕಿ, ರೈಸ್ ಕುಕ್ಕರಿನ ಪಾತ್ರೆಯಲ್ಲಿ 2 ಅಂತ ಇರೋ ಗೆರೆವರೆಗೆ ನೀರು ತುಂಬಿಸಿದ. ಬಂದಿದ್ದು ಅರೆಬೆಂದ ಅಕ್ಕಿ. "ಜಪಾನಿನ ಅಕ್ಕೀನೇ ಸರಿಯಿಲ್ಲ ಗುರೂ" ಅಂತ ತೀರ್ಪು ಕೊಟ್ಟು ಅಷ್ಟನ್ನೂ ಬಿಸಾಕಿದ. 2025ರಲ್ಲಿ ಇಲ್ಲಿನ ಸೂಪರ್ ಮಾರ್ಕೆಟ್ಟುಗಳಲ್ಲಿ 5 ಕಿಲೋ ಅಕ್ಕಿಯ ಸರಾಸರಿ ಬೆಲೆ 4,000 ಯೆನ್ ದಾಟಿದ್ದನ್ನ ನೋಡಿದವನು ನಾನು. ಹೊಟ್ಟೆ ಉರಿಯದೆ ಇರುತ್ತಾ?

ತಪ್ಪು ಅಕ್ಕೀದಲ್ಲ, ಹುಡುಗಂದೂ ಅಲ್ಲ. "ಒಂದು ಕಪ್" ಅಂತ ಬರೆದು ಕೈತೊಳೆದುಕೊಳ್ಳೋ ನಮ್ಮಂಥವರದು!

ಅಮೆರಿಕದ ಕಪ್ ಸುಮಾರು 240 ಮಿಲೀ. ಜಪಾನಿನ ಅಡುಗೆಮನೆ ಕಪ್ 200. ಆದ್ರೆ ಇಲ್ಲಿ ಅಕ್ಕಿ ಅಳೆಯೋ ಕಪ್ಪೇ ಬೇರೆ, 180 ಮಿಲೀ. ಅದಕ್ಕೆ 'ಗೋ' ಅಂತಾರೆ, ಸುಮಾರು 150 ಗ್ರಾಂ ಅಕ್ಕಿ ಹಿಡಿಯುತ್ತೆ. ಕುಕ್ಕರಿನ ಗೆರೆಗಳು ಲೆಕ್ಕ ಹಾಕೋದು ಈ ಗೋವನ್ನ. ನಮ್ಮ ಹುಡುಗ ಅಮೆರಿಕದ ಕಪ್ಪಿನಲ್ಲಿ ಹಾಕಿದ್ದು ಸುಮಾರು 2.7 ಗೋ ಅಕ್ಕಿ, ನೀರು ಮಾತ್ರ 2 ಗೋವಿಗೆ. ಹೇಗೆ ಬೇಯಬೇಕು ಪಾಪ?

ಇನ್ನು "ಒಂದಕ್ಕೆ ಎರಡು ನೀರು" ಅನ್ನೋ ಮಹಾಮಂತ್ರ. ಸೋನಾ ಮಸೂರಿಗೆ ಸರಿ. ಈ ಗುಂಡು ಅಕ್ಕಿಗೆ ಹಾಕಿದ್ರೆ ಗಂಜಿ. ತೊಳೆದು ಬಸಿದ ಒಂದು ಗೋ ಅಕ್ಕಿಗೆ 200 ಮಿಲೀ ನೀರು, ಅಂದ್ರೆ ಒಂದಕ್ಕೆ 1.1ರಷ್ಟು, ಸಾಕು. ಹೊಸ ಅಕ್ಕಿಗೆ ಇನ್ನೂ ಒಂಚೂರು ಕಮ್ಮಿ. ತೊಳೆಯೋದೇ ಬೇಡ ಅಂತ ಮಾರೋ 'ಮುಸೆನ್‌ಮಾಯ್'ಗೆ ಒಂಚೂರು ಜಾಸ್ತಿ. ಅದರಲ್ಲಿ ತೌಡು ಪೂರ್ತಿ ತೆಗೆದಿರೋದರಿಂದ ಅದೇ ಕಪ್ಪಿನಲ್ಲಿ ಹೆಚ್ಚು ಅಕ್ಕಿ ಹಿಡಿಯುತ್ತೆ.

"ಅಡುಗೆ ಅಂದ್ರೆ ಕೈಗುಣ ಕಣ್ರೀ, ನಿಮ್ಮ ಮಿಲೀ ಲೆಕ್ಕ ಯಾರಿಗೆ ಬೇಕು?" ಅಂತೀರೇನೋ. ನಮ್ಮಮ್ಮನೂ ಫೋನಿನಲ್ಲಿ ಅಂದಿದ್ರು, "ಬೆರಳು ಅದ್ದಿ ನೋಡೋ, ಒಂದು ಗೆಣ್ಣು ನೀರು ನಿಂತ್ರೆ ಆಯ್ತು." ಎಂಜಿನಿಯರಿಂಗ್ ಓದಿದ ಮಗ ನಕ್ಕುಬಿಟ್ಟಿದ್ದೆ. ಆಮೇಲೆ ಕೂತು ಯೋಚಿಸಿದ್ರೆ ನಗೋ ಸರದಿ ಅಮ್ಮಂದು! ಅಕ್ಕಿ ಹೀರೋ ನೀರು ಅಕ್ಕಿ ಜಾಸ್ತಿಯಾದ ಹಾಗೆ ಜಾಸ್ತಿಯಾಗುತ್ತೆ. ಆದ್ರೆ ಒಲೆ ಮೇಲೆ ಆವಿಯಾಗಿ ಹೋಗೋ ನೀರು ಪಾತ್ರೆ, ಮುಚ್ಚಳ, ಸಮಯಕ್ಕೆ ಸಂಬಂಧಿಸಿದ್ದು. ಅಕ್ಕಿ ಎರಡರಷ್ಟಾದ್ರೆ ಅದೂ ಎರಡರಷ್ಟಾಗಲ್ಲ. ಬರೀ ಅನುಪಾತ ಅಲ್ಲ, ನಮ್ಮ ಹಳೇ y = mx + c. ಆ c ಅನ್ನೋದು ಅಮ್ಮನ ಗೆಣ್ಣು :-)

ಆದ್ರೆ ಆ ಗೆಣ್ಣು ಸರಿಯಾಗೋದು ಅಮ್ಮನ ಪಾತ್ರೆ, ಅಮ್ಮನ ಅಕ್ಕಿಗೆ. ವರ್ಷಗಟ್ಟಲೆ ಅದೇ ಪಾತ್ರೆಯಲ್ಲಿ ಪಳಗಿದ ಬೆರಳು ಅದು. ಅಗಲದ ಪಾತ್ರೆಯಲ್ಲಿ ಅದೇ ಗೆಣ್ಣಿಗೆ ನೀರು ಜಾಸ್ತಿ ಹಿಡಿಯುತ್ತೆ. ಕೈಗುಣ ಅಮ್ಮನ ಹತ್ತಿರ ಇದೆ, ಮೊನ್ನೆ ವಿಮಾನ ಇಳಿದ ಹುಡುಗನ ಹತ್ತಿರ ಇಲ್ಲ. ನಮ್ಮ ರೆಸಿಪಿ ಓದೋನು ಅವನೇ ತಾನೇ?

ಅದಕ್ಕೇ ಬ್ಲಾಗಿಗ ಗೆಳೆಯರೇ, ಒಂದೇ ಬೇಡಿಕೆ. 150 ಗ್ರಾಂ ಅಕ್ಕಿ, 200 ಮಿಲೀ ನೀರು, ಅರ್ಧ ಗಂಟೆ ನೆನೆಸಿ, ಬೆಂದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೀಬೇಡಿ. ಹೀಗೆ ಬರೀರಿ. ಅಕ್ಕಿ ಯಾವುದು ಅಂತಾನೂ ಬರೀರಿ. ಒಂದು ಸಾಲು ಜಾಸ್ತಿಯಾಗುತ್ತೆ ಅಷ್ಟೇ, ಒಂದು ಪಾತ್ರೆ ಅನ್ನ ಉಳಿಯುತ್ತೆ.

ಆ ಹುಡುಗನಿಗೆ ಇವತ್ತು ನಾನೇ ಅಳೆದು ಮಾಡಿ ಬಡಿಸಿದೆ. ಎರಡನೇ ಸಲ ಹಾಕಿಸಿಕೊಂಡ. ಅಕ್ಕಿ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ :-)