ಹಾಯಿದೋಣಿಯಲ್ಲಿ ಕಡಕ್ ರೊಟ್ಟಿ

ಇಲ್ಲಿ ಏನೂ ಗೀಚದೆ ಬಹಳ ದಿನ ಆಯ್ತು. ಮೊನ್ನೆ ಸಿಕ್ಕ ಹಳೇ ಸಹೋದ್ಯೋಗಿಯೊಬ್ಬ "ನಿನಗೇನಪ್ಪಾ, ಐದು ತಿಂಗಳು ಹಾಯಿದೋಣಿಯಲ್ಲಿ ಇದ್ದು ಬಂದವನು. ಸಮುದ್ರದ ಗಾಳಿ, ಹಗ್ಗ ಎಳೆಯೋ ಕೆಲಸ, ಜಿಮ್ಮೇ ಬೇಕಿಲ್ಲ!" ಅಂದ. ಅಲ್ಲಿ ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನೂರು ಹಿರೇಬೆಂಡಿಗೇರಿ, ಶಿಗ್ಗಾವಿ ತಾಲ್ಲೂಕು. ನಮ್ಮಲ್ಲಿ ಸಮುದ್ರ ನೋಡಬೇಕಂದ್ರೆ ಘಟ್ಟ ಇಳಿಯಬೇಕು. ಅಂಥವನು ಎರಡು ವರ್ಷದ ಹಿಂದೆ ಕೆಲಸ ಬಿಟ್ಟು, ಗೋವಾದ ಗೆಳೆಯನ 32 ಅಡಿ ದೋಣಿ ಹತ್ತಿದೆ. ಮಳೆಗಾಲ ಮುಗಿದ ಮೇಲೆ ಹೊರಟು ಬೇಸಿಗೆ ಶುರುವಾಗೋವರೆಗೆ ಅದೇ ನಮ್ಮ ಮನೆ. ಕಾರವಾರ, ಮಲ್ಪೆ, ಮತ್ತೆ ಗೋವಾ, ಹೀಗೆ.

ದೋಣಿಯಲ್ಲಿದ್ದರೆ ಮೈ ತಾನಾಗೇ ಗಟ್ಟಿಯಾಗುತ್ತೆ ಅನ್ನೋದು ಅರ್ಧ ಸತ್ಯ. ರಟ್ಟೆ ಗಟ್ಟಿಯಾಗುತ್ತೆ, ನಿಜ. ದೋಣಿ ಸದಾ ಓಲಾಡುವುದರಿಂದ ಹೊಟ್ಟೆ, ಸೊಂಟದ ಸ್ನಾಯುಗಳಿಗೂ ಕೆಲಸ ಇರುತ್ತೆ. ಆದರೆ ಕಾಲು? ಆ ತುದಿಯಿಂದ ಈ ತುದಿಗೆ ಹತ್ತು ಹನ್ನೆರಡು ಹೆಜ್ಜೆ, ಅದೂ ಕಂಬಿ ಹಿಡಿದುಕೊಂಡು. ಗಾಳಿ ಬಿದ್ದ ದಿನ ಎದ್ದು ಕೂತು, ಮತ್ತೆ ಮಲಗಿದರೆ ದಿನ ಮುಗೀತು. ನೆಲದ ಮೇಲೆ ಹಾಲಿಗೆ, ಬಸ್ಸಿಗೆ, ಜಗಳಕ್ಕೆ ಅಂತ ನಾವು ಎಷ್ಟು ನಡೀತೀವಿ ಅನ್ನೋದು ದೋಣಿ ಹತ್ತಿದ ಮೇಲೇ ಗೊತ್ತಾಗೋದು.

ಇನ್ನು ಊಟ. ಗೆಳೆಯ ಗಾಳ ಹಾಕಿ ಮೀನು ಹಿಡೀತಿದ್ದ. ನಾನು ಸಸ್ಯಾಹಾರಿ. ಆ ಬೆವರುವ ಹವೆಯಲ್ಲಿ ತಂದ ಸೊಪ್ಪು ಎರಡನೇ ದಿನಕ್ಕೆ ಲೋಳೆ, ಟೊಮೆಟೊ ನಾಲ್ಕನೇ ದಿನಕ್ಕೆ ಸಮುದ್ರಕ್ಕೆ. ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಹಾಕಿರ್ತಾರೆ, ದೋಣಿ ವಾಲಿದರೂ ಪಾತ್ರೆ ನೆಟ್ಟಗೆ ನಿಲ್ಲಲಿ ಅಂತ. ಅದರ ಮುಂದೆ ನಿಂತು ಈರುಳ್ಳಿ ಹುರಿಯೋ ಹೊತ್ತಿಗೆ ನನ್ನ ಹೊಟ್ಟೆಯೇ ತೊಟ್ಟಿಲು ತೂಗ್ತಿತ್ತು :-) ಹಾಗಾಗಿ ಎರಡು ತಿಂಗಳು ನಾನು ಬದುಕಿದ್ದು ನೂಡಲ್ಸ್, ಬ್ರೆಡ್ಡು ಜಾಮು, ಕ್ರೀಮ್ ಬಿಸ್ಕತ್ತಿನ ಮೇಲೆ. ಓಲಾಡುವ ಪುಟ್ಟ ಶೌಚಾಲಯಕ್ಕೆ ಹೋಗೋದು ಬೇಡ ಅಂತ ನೀರೂ ಕಡಿಮೆ ಕುಡೀತಿದ್ದೆ. ಹೊಟ್ಟೆ ಕಟ್ಟಿಕೊಂಡು ಪಟ್ಟ ಪಾಡನ್ನು ಇಲ್ಲಿ ವಿವರಿಸೋಲ್ಲ, ನೀವು ಊಟ ಮಾಡ್ತಾ ಓದ್ತಿರಬಹುದು.

ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದೆ. ಚರಗದ ಬುಟ್ಟಿ ಹೊತ್ತು ಹೊಲಕ್ಕೆ ಹೊರಟರೆ ಅರ್ಧ ದಾರಿಗೇ ಮೊಣಕಾಲು ನಡುಗಿತು, ಏದುಸಿರು. ಅಪ್ಪನಿಗೆ ಎಪ್ಪತ್ತೆರಡು. ಸಕ್ಕರೆ ಕಾಯಿಲೆಗೆ ಎಡಗಾಲಿನ ಒಂದು ಬೆರಳು ಕಳೆದುಕೊಂಡವರು. ಅವರೇ ನನ್ನನ್ನು ದಾಟಿ ಮುಂದೆ ಹೋಗಿ ಬದುವಿನ ಮೇಲೆ ನಿಂತರು. "ಯಾಕಲೇ, ದೋಣ್ಯಾಗ ಕಾಲು ಬಿಟ್ಟು ಬಂದಿ ಏನ?" ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರನೇ ದಿನ ಸುಮ್ಮನೆ ಹುಬ್ಬಳ್ಳಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಗಡಿ ಮೇಲೆ ಬಂದು ನಿಂತಿತ್ತು. ಆ ಚೀಟಿ ಹಿಡಿದುಕೊಂಡು ಬಸ್ಸಿನಲ್ಲಿ ಕೂತಾಗ ಕಣ್ಣ ಮುಂದೆ ಇದ್ದದ್ದು ಅಪ್ಪನ ಆ ಪಾದ ಒಂದೇ.

ಅವ್ವನಿಗೆ ಸಕ್ಕರೆಯ ವಿಷಯ ಹೇಳಲಿಲ್ಲ. ತಿನ್ನಲು ಏನೂ ಸಿಗೋದಿಲ್ಲ ಅಂತ ಮಾತ್ರ ಹೇಳಿದೆ. ಅವಳು ಮೂರು ದಿನ ರೊಟ್ಟಿ ಬಡಿದು, ಕಡಕ್ ಮಾಡಿ, ಎರಡು ತಗಡಿನ ಡಬ್ಬಿ ತುಂಬಿಸಿದಳು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಒಂದು ಗಂಟು ಹೆಸರುಕಾಳು, ಒಂದು ಗಂಟು ಮಡಕಿಕಾಳು. ನಾನು ಬೇಡ ಬೇಡ ಅಂದೆ. ಯಾರು ಕೇಳ್ತಾರೆ?

ಆಮೇಲೆ ಗೊತ್ತಾಯ್ತು, ಸಮುದ್ರಕ್ಕೆ ಇದಕ್ಕಿಂತ ಒಳ್ಳೇ ಸರಂಜಾಮು ಇಲ್ಲ ಅಂತ. ಹಿಂದಿನ ಕಾಲದ ಯುರೋಪಿನ ನಾವಿಕರೂ ಒಣ ರೊಟ್ಟಿಯನ್ನೇ ಒಯ್ತಿದ್ದರು, ಗೋಧಿಯ ಗಟ್ಟಿ ಬಿಸ್ಕತ್ತು. ನಮ್ಮ ಕಡಕ್ ರೊಟ್ಟಿಯ ಒಂದೇ ತೊಂದರೆ, ಉಪ್ಪುಗಾಳಿಗೆ ತೆರೆದಿಟ್ಟರೆ ಮೆತ್ತಗಾಗುತ್ತೆ. ಬಿಗಿ ಮುಚ್ಚಳ ಬೇಕು, ತಿನ್ನೋ ಮೊದಲು ಹಂಚಿನ ಮೇಲೆ ಒಂದು ಸುತ್ತು. ಅಲೆ ಜೋರಿದ್ದ ರಾತ್ರಿ ಒಲೆಯೇ ಹಚ್ಚದೆ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ ತಿಂದು ಪಾಳಿಗೆ ಕೂತಿದ್ದೇನೆ. ಜೋಳ ಸಕ್ಕರೆ ಕಾಯಿಲೆಗೆ ಔಷಧ ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದನ್ನು ನಂಬಬೇಡಿ. ಅದೂ ಪಿಷ್ಟವೇ, ಎಣಿಸಿ ತಿನ್ನಬೇಕು. ಆದರೂ ಕ್ರೀಮ್ ಬಿಸ್ಕತ್ತಿಗಿಂತ ಎಷ್ಟೋ ವಾಸಿ.

ಆದರೆ ಊರಿನ ಅಭಿಮಾನಕ್ಕೆ ರೊಟ್ಟಿಯೊಂದೇ ಸಾಕು ಅಂದುಬಿಟ್ಟರೆ ಸುಳ್ಳಾಗುತ್ತೆ. ಕಾರವಾರದ ಎದುರಿಗೆ ಅಂಜದೀವ್ ದ್ವೀಪ ಇದೆ. ಅದನ್ನು ದಾಟುವಾಗ ಗೆಳೆಯ ಹೇಳಿದ ಕಥೆ ಇದು, ಆಮೇಲೆ ನಾನೂ ಓದಿದೆ. ವಾಸ್ಕೋ ಡ ಗಾಮ ಮಲಿಂದಿಯಿಂದ ನಮ್ಮ ಕಡೆ ಬರುವಾಗ ಗಾಳಿ ಬೆನ್ನಿಗಿತ್ತು, ಇಪ್ಪತ್ಮೂರು ದಿನಕ್ಕೆ ಕರಾವಳಿ ಕಂಡ. ಹಿಂದಿರುಗುವಾಗ 1498ರ ಅಕ್ಟೋಬರ್ 5ರಂದು ಇದೇ ಅಂಜದೀವಿನಿಂದ ಹೊರಟ. ಗಾಳಿ ಕೈಕೊಟ್ಟಿತು. ಆಫ್ರಿಕಾದ ದಡ ಕಾಣಲು ಮೂರು ತಿಂಗಳಿಗೆ ಮೂರೇ ದಿನ ಕಡಿಮೆ. ವಸಡು ಊದಿ ಹಲ್ಲಿನ ಮೇಲೆ ಬೆಳೆದು, ತಿನ್ನಲಾಗದೆ, ಕಾಲು ಬಾತು ಮೂವತ್ತು ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡುವ ಶಕ್ತಿ ಇದ್ದವರು ಏಳೆಂಟು ಜನ ಮಾತ್ರ. ಮಲಿಂದಿ ತಲುಪಿದಾಗ ರೋಗಿಗಳು ಕೇಳಿದ್ದು ಕಿತ್ತಳೆ ಹಣ್ಣು. ಅದು ಸಿ ಜೀವಸತ್ವ ಇಲ್ಲದೆ ಬರುವ ಸ್ಕರ್ವಿ ರೋಗ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ರೋಗಿಗಳನ್ನು ಜೋಡಿ ಜೋಡಿ ಮಾಡಿ ಬೇರೆ ಬೇರೆ ಮದ್ದು ಕೊಟ್ಟು ನೋಡಿದ. ಚೇತರಿಸಿಕೊಂಡವರು ಕಿತ್ತಳೆ, ನಿಂಬೆ ತಿಂದ ಇಬ್ಬರು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಡಲು ಒಪ್ಪಲು 1795ರವರೆಗೆ ಕಾಯಿತು. ಸರ್ಕಾರಿ ಕೆಲಸ ಎಲ್ಲಾ ಕಡೆ ಒಂದೇ!

ಒಣ ರೊಟ್ಟಿಯಲ್ಲಿ ಸಿ ಜೀವಸತ್ವ ಇಲ್ಲ, ಒಣ ಹೆಸರಿನಲ್ಲೂ ಇಲ್ಲದಷ್ಟೇ. ಆದರೆ ಅದೇ ಹೆಸರನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆಯ ಜೊತೆಗೆ ಅದೂ ಹುಟ್ಟುತ್ತೆ. ಮಣ್ಣು ಬೇಡ, ಬಿಸಿಲು ಬೇಡ, ದಿನಕ್ಕೆ ಎರಡು ಸಲ ಒಂದೊಂದು ಲೋಟ ಸಿಹಿನೀರು, ತೊಳೆದ ನೀರು ಬೇಳೆಗೆ. ಮೂರನೇ ದಿನ ಹಸಿಯಾಗೇ ಕೋಸಂಬರಿ, ಮೇಲೆ ನಿಂಬೆಹಣ್ಣು. (ನಿಂಬೆಯನ್ನು ಒಂದೊಂದೇ ಕಾಗದದಲ್ಲಿ ಸುತ್ತಿಡಿ, ವಾರಗಟ್ಟಲೆ ಇರುತ್ತೆ.) ಅವ್ವ ಯಾವ ಲಿಂಡನನ್ನೂ ಓದಿದವಳಲ್ಲ, "ಹಸೀದು ಏನರ ಬೇಕಲ್ಲೋ ತಮ್ಮಾ" ಅಂತ ಕಟ್ಟಿಕೊಟ್ಟದ್ದು.

ಕಾಲಿನ ವಿಷಯಕ್ಕೆ ಗರಡಿಮನೆ ನೆನಪಾಯ್ತು. ನಮ್ಮ ಕಡೆ ಪೈಲ್ವಾನರು ಅಷ್ಟು ಸಣ್ಣ ಕೋಣೆಯಲ್ಲಿ ದಂಡ, ಬಸ್ಕಿ ಹೊಡೆದೇ ಅಲ್ಲವೇ ಮೈ ಕಟ್ಟಿದ್ದು? ಲಂಗರು ಹಾಕಿದ ದಿನ ಬೆಳಿಗ್ಗೆ ಕಂಬ ಹಿಡಿದು ಬಸ್ಕಿ. ಇಪ್ಪತ್ತಕ್ಕೆ ಶುರುಮಾಡಿದ್ದು, ಮಾರ್ಚ್ ಹೊತ್ತಿಗೆ ನೂರು. ದೋಣಿ ಓಡುವಾಗ ಮಾತ್ರ ಬೇಡ, ಬಿದ್ದರೆ ಬಿದ್ದೆ. ದಡ ಸಿಕ್ಕಲ್ಲೆಲ್ಲ ಇಳಿದು ಒಂದು ಗಂಟೆ ನಡಿಗೆ, ಇದನ್ನು ಪಾಳಿಯ ಪುಸ್ತಕದಲ್ಲೇ ಬರೆದಿಟ್ಟೆವು. ಬರೆಯದಿದ್ದರೆ ಆಗೋಲ್ಲ, ನಾಳೆ ನಾಳೆ ಅಂತಲೇ ಕಾರವಾರ ದಾಟಿಬಿಡುತ್ತೆ.

ದಿಲ್ನಾ ಮತ್ತು ರೂಪಾ ಎಂಬ ನೌಕಾಪಡೆಯ ಇಬ್ಬರು ಅಧಿಕಾರಿಗಳು ತಾರಿಣಿ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಭೂಮಿ ಸುತ್ತಿ 2025ರ ಮೇ 29ಕ್ಕೆ ವಾಪಸಾದರಲ್ಲ, ಆಗ ಎಲ್ಲರೂ ಮಾತಾಡಿದ್ದು ಬಿರುಗಾಳಿಯ ಬಗ್ಗೆ. ನನಗೆ ಮಾತ್ರ ಅವರು ಎಂಟು ತಿಂಗಳು ಹಸಿರಿಗೆ ಏನು ಮಾಡಿದರು, ಕಾಲಿಗೆ ಏನು ಮಾಡಿದರು ಅಂತ ಕೇಳೋ ಆಸೆ. ಪೇಟೆಯಲ್ಲಿ ಸಿಗೋ ದೋಣಿವಾಸದ ಇಂಗ್ಲಿಷ್ ಪುಸ್ತಕಗಳು ಪಟ್ಟಿ ಕೊಡ್ತವೆ, ಡಬ್ಬಿ ಮಾಂಸ, ಡಬ್ಬಿ ಬೀನ್ಸು, ಡಬ್ಬಿ ಸೂಪು. ನಮ್ಮವರು ಸಮುದ್ರಕ್ಕೆ ಹೋಗುವುದಾದರೆ ಪಟ್ಟಿಯನ್ನೂ ನಮ್ಮ ಅಡುಗೆಮನೆಯಿಂದಲೇ ಬರೆಯಬಹುದು, ಏನಂತೀರಿ?

ಮಾರ್ಚ್ ಕೊನೆಗೆ ಮತ್ತೆ ರಕ್ತ ಕೊಟ್ಟೆ. ಗಡಿಯಿಂದ ಸ್ವಲ್ಪ ಒಳಗೆ ಬಂದಿದೆ, ಪೂರ್ತಿ ಅಲ್ಲ. ಆಗ ಅಪ್ಪನಿಗೆ ಮಾತ್ರ ಹೇಳಿದೆ. ಅವರು ಏನೂ ಅನ್ನಲಿಲ್ಲ, ಸಂಜೆ ಹೊಲಕ್ಕೆ ಹೋಗುವಾಗ ನನ್ನ ಚಪ್ಪಲಿಯನ್ನೂ ತಂದು ಬಾಗಿಲ ಬಳಿ ಇಟ್ಟಿದ್ದರು.

ನಿನ್ನೆ ಗೋವಾದ ಗೆಳೆಯ ಫೋನ್ ಮಾಡಿದ್ದ. ಈ ಸಲ ನಾಲ್ಕು ಡಬ್ಬಿ ರೊಟ್ಟಿ ಬೇಕಂತೆ, ಅಗಸಿ ಹಿಂಡಿ ಜಾಸ್ತಿ. ಅವ್ವನಿಗೆ ಹೇಳಿದರೆ ಅವಳ ಚಿಂತೆಯೇ ಬೇರೆ: "ಆ ಹುಡುಗಗ ಖಾರ ಆಗೂದಿಲ್ಲೇನೋ?"