ಬೇರು ಯಾವುದೆಂದು ಕೇಳಿ ಸಸಿ ಕೊಳ್ಳಿ: ಕಿತ್ತಳೆ ಬೆಳೆಗಾರರಲ್ಲಿ ಒಂದು ಮನವಿ

ಕೊಡಗು, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ಕಿತ್ತಳೆಯನ್ನು ಹೊಸದಾಗಿ ನೆಡಲು ಅಥವಾ ಸತ್ತ ಗಿಡಗಳ ಜಾಗ ತುಂಬಲು ಯೋಚಿಸುತ್ತಿರುವ ಬೆಳೆಗಾರರು, ಸಸಿ ಖರೀದಿಸುವ ಮುನ್ನ ನರ್ಸರಿಯವರನ್ನು ಒಂದು ಪ್ರಶ್ನೆ ಕೇಳಬೇಕು ಮತ್ತು ಅದರ ಉತ್ತರವನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು ಎಂಬುದು ಈ ಬರಹದ ವಿನಂತಿ. ಈ ಸಸಿಯನ್ನು ಯಾವ ಬೇರಿನ ಮೇಲೆ ಕಸಿ ಕಟ್ಟಲಾಗಿದೆ ಎಂಬುದೇ ಆ ಪ್ರಶ್ನೆ. ಹಣ್ಣಿನ ತಳಿ ಯಾವುದೆಂದು ಎಲ್ಲರೂ ವಿಚಾರಿಸುತ್ತಾರೆ. ಆದರೆ ಮಣ್ಣಿನೊಳಗೆ ಇಳಿದು, ನೀರು ಮತ್ತು ಪೋಷಕಾಂಶಗಳನ್ನು ಹೀರಿ, ಬೇರು ಕೊಳೆಸುವ ರೋಗಾಣುಗಳನ್ನು ಎದುರಿಸಬೇಕಾದ ಅರ್ಧಭಾಗದ ಹೆಸರನ್ನು ಕೇಳುವವರು ವಿರಳ.

ಕಸಿ ಗಿಡವೆಂದರೆ ಎರಡು ಸಸ್ಯಗಳ ಕೂಡುಗಿಡ. ಬೀಜದಿಂದ ಬೆಳೆಸಿದ ಒಂದು ಸಸಿಯ ಕಾಂಡಕ್ಕೆ ಬೇಕಾದ ತಳಿಯ ಕಣ್ಣನ್ನು ಕೂರಿಸಿ ಬೆಳೆಸಿದಾಗ ಕೆಳಗಿನದು ಬೇರುಸಸಿ ಎಂದೂ ಮೇಲಿನದು ಕಸಿಕುಡಿ ಎಂದೂ ಕರೆಯಲ್ಪಡುತ್ತದೆ. ಸಿಟ್ರಸ್ ಜಾತಿಯ ಬಹುತೇಕ ಬೇರುಸಸಿಗಳಲ್ಲಿ ಒಂದೇ ಬೀಜದಿಂದ ಹಲವು ಮೊಳಕೆಗಳು ಹೊರಡುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗಸ್ಪರ್ಶದ ಫಲವಾಗಿರದೆ ತಾಯಿಗಿಡದ ಅಂಗಾಂಶದಿಂದಲೇ ಹುಟ್ಟಿದವಾದ್ದರಿಂದ ತಾಯಿಯ ಗುಣಗಳನ್ನು ಹಾಗೆಯೇ ಉಳಿಸಿಕೊಂಡಿರುತ್ತವೆ. ಉತ್ತಮ ನರ್ಸರಿಗಳು ಅತಿ ಕುಳ್ಳಾದ ಅಥವಾ ಎಲೆಯ ಆಕಾರದಲ್ಲಿ ಭಿನ್ನವಾಗಿ ಕಾಣುವ ಸಸಿಗಳನ್ನು ಕಿತ್ತೆಸೆಯುವುದು ಈ ಏಕರೂಪತೆಯನ್ನು ಕಾಯುವುದಕ್ಕಾಗಿಯೇ.

ಕೊಡಗಿನ ಕಿತ್ತಳೆ ತಲೆಮಾರುಗಳ ಕಾಲ ಬೀಜದ ಸಸಿಯಿಂದಲೇ ಬೆಳೆದ ಬೆಳೆ. ಅಂಥ ಮರಗಳು ಎತ್ತರಕ್ಕೆ ಬೆಳೆದು ಕಾಫಿಯ ನೆರಳಿನ ನಡುವೆ ದೀರ್ಘಕಾಲ ಬಾಳಿದವು ಎಂಬುದು ನಿಜವಾದರೂ, ಅವು ಫಸಲಿಗೆ ಬರಲು ಕಸಿ ಗಿಡಕ್ಕಿಂತ ಹಲವು ವರ್ಷ ಹೆಚ್ಚು ಹಿಡಿಯುತ್ತಿತ್ತು, ಜೊತೆಗೆ ಮುಳ್ಳಿನ ಕಾಟವೂ ಇತ್ತು. ತುದಿ ಒಣಗುತ್ತಾ ಬಂದು ಕೊನೆಗೆ ಇಡೀ ಮರವೇ ಸೊರಗುವ ಕಾಯಿಲೆ ಇಲ್ಲಿ ಕಿತ್ತಳೆಯ ವಿಸ್ತೀರ್ಣವನ್ನು ಕುಗ್ಗಿಸಿತು. ಇದಕ್ಕೆ ಒಂದೇ ಕಾರಣವಿರಲಿಲ್ಲ. ಮಳೆಗಾಲದ ತೇವದಲ್ಲಿ ಬೇರನ್ನೂ ಬುಡದ ತೊಗಟೆಯನ್ನೂ ಕೊಳೆಸುವ ಫೈಟಾಫ್ತೋರಾ ಎಂಬ ಶಿಲೀಂಧ್ರಸದೃಶ ಜೀವಿ, ಸಸ್ಯಹೇನುಗಳು ಹರಡುವ ಟ್ರಿಸ್ಟೆಜಾ ನಂಜುರೋಗ, ಸಿಲ್ಲಿಡ್ ಎಂಬ ಸಣ್ಣ ಕೀಟ ಹೊತ್ತು ತರುವ ಗ್ರೀನಿಂಗ್ ರೋಗ, ಪೋಷಕಾಂಶಗಳ ಕೊರತೆ, ಇವೆಲ್ಲ ಒಟ್ಟಾಗಿಯೇ ಕೆಲಸ ಮಾಡಿದವು. ಕಾಳುಮೆಣಸಿಗೆ ಒಳ್ಳೆಯ ಬೆಲೆಯಿದ್ದ ವರ್ಷಗಳಲ್ಲಿ ಸೊರಗಿದ ಕಿತ್ತಳೆಯ ಕಡೆ ಯಾರ ಗಮನವೂ ಹರಿಯದಿದ್ದರೆ ಅದನ್ನು ತಪ್ಪೆನ್ನಲೂ ಆಗದು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿರುವುದು ಗೌರವದ ಸಂಗತಿಯಾದರೂ, ಆ ಮಾನ್ಯತೆ ಹಣ್ಣಿನ ಹೆಸರನ್ನು ಕಾಯುತ್ತದೆಯೇ ಹೊರತು ಮರದ ಬೇರನ್ನಲ್ಲ.

ಬೇರುಸಸಿಗಳಲ್ಲಿ ಎಲ್ಲ ನೆಲಕ್ಕೂ ಒಗ್ಗುವಂಥದ್ದು ಒಂದೂ ಇಲ್ಲ. ಜಂಬೇರಿ ಅಥವಾ ರಫ್ ಲೆಮನ್ ಬಲವಾಗಿ ಬೆಳೆಯುತ್ತದೆ, ಮರ ಬೇಗ ದೊಡ್ಡದಾಗುತ್ತದೆ, ಹಣ್ಣೂ ಗಾತ್ರದಲ್ಲಿ ದೊಡ್ಡದಾಗಿರುತ್ತದೆ. ಆದರೆ ಅದರ ಮೇಲಿನ ಹಣ್ಣಿನಲ್ಲಿ ಸಿಹಿ ಕಡಿಮೆ, ಮತ್ತು ಬೇರು ಕೊಳೆಗೆ ಅದು ಸುಲಭದ ತುತ್ತು. ರಂಗಪುರ ಲೈಮ್ ಬರವನ್ನೂ ಉಪ್ಪಿನಂಶವನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ, ಟ್ರಿಸ್ಟೆಜಾಕ್ಕೂ ಜಗ್ಗುವುದಿಲ್ಲ. ಮೂರೆಲೆಯ ಟ್ರೈಫೋಲಿಯೇಟ್ ಆರೆಂಜ್ ಟ್ರಿಸ್ಟೆಜಾವನ್ನೂ ಫೈಟಾಫ್ತೋರಾವನ್ನೂ ಎದುರಿಸುವ ಶಕ್ತಿಯುಳ್ಳದ್ದು. ಅದರ ಮೇಲಿನ ಮರ ಸಣ್ಣದಾಗಿದ್ದರೂ ಹಣ್ಣಿನ ಗುಣ ಉತ್ತಮ. ಇದನ್ನು ಸಿಹಿ ಕಿತ್ತಳೆಯೊಡನೆ ಸಂಕರಗೊಳಿಸಿ ಪಡೆದ ಟ್ರಾಯರ್ ಮತ್ತು ಕ್ಯಾರಿಜೋ ಸಿಟ್ರೇಂಜ್‌ಗಳೂ ಬಳಕೆಯಲ್ಲಿವೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಮಾತ್ರ ಟ್ರೈಫೋಲಿಯೇಟ್ ಕಬ್ಬಿಣದ ಕೊರತೆಯಿಂದ ಎಲೆ ಹಳದಿಗಟ್ಟಿ ಸೊರಗುತ್ತದೆ. ಹೀಗಾಗಿ ಆಮ್ಲಗುಣದ, ಹೆಚ್ಚು ಮಳೆಯ ಕೊಡಗಿಗೆ ಒಪ್ಪುವ ಬೇರನ್ನು ವಿಜಯಪುರ ಜಿಲ್ಲೆಯ ಸುಣ್ಣಭರಿತ ಕಪ್ಪು ನೆಲದಲ್ಲಿ ಊರುವುದು ಹಣ ಕಳೆದುಕೊಳ್ಳುವ ದಾರಿ. ಅದೇ ಜಿಲ್ಲೆಯ ಇಂಡಿ ಪಟ್ಟಣದ ಸುತ್ತಲಿನ ಕಾಗ್ಜಿ ನಿಂಬೆಯದು ಬೇರೆಯೇ ಲೆಕ್ಕ: ಅದು ಸಾಮಾನ್ಯವಾಗಿ ಬೀಜದ ಸಸಿಯಿಂದ ಬೆಳೆಯುವುದರಿಂದ ಅಲ್ಲಿನ ಬೆಳೆಗಾರರು ವಿಚಾರಿಸಬೇಕಾದದ್ದು ತಾಯಿಮರ ಯಾವುದು, ಅದಕ್ಕೆ ಕಜ್ಜಿರೋಗ ಎಷ್ಟು ಇತ್ತು ಎಂಬುದನ್ನು.

ಬೇರಿನ ಆಯ್ಕೆಯಲ್ಲಿ ಎಡವಿದರೆ ಏನಾಗುತ್ತದೆಂಬುದಕ್ಕೆ ಬ್ರೆಜಿಲ್‌ನ ಇತಿಹಾಸವನ್ನು ನೋಡಬಹುದು. ಅಲ್ಲಿ ಸಿಹಿ ಕಿತ್ತಳೆಯನ್ನು ಹುಳಿ ಕಿತ್ತಳೆಯ ಬೇರಿನ ಮೇಲೆ ಬೆಳೆಸಲಾಗುತ್ತಿತ್ತು. 1930ರ ದಶಕದಲ್ಲಿ ಕಾಣಿಸಿಕೊಂಡ ಟ್ರಿಸ್ಟೆಜಾ ಈ ಜೋಡಿಯ ಮರಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕೊಂದಿತು. ಎರಡೂ ಸಸ್ಯಗಳು ಬೇರೆಬೇರೆಯಾಗಿದ್ದಾಗ ತಡೆದುಕೊಳ್ಳಬಲ್ಲ ನಂಜನ್ನು ಅವುಗಳ ಕೂಡುಗಿಡ ತಾಳಲಾರದೆ ಹೋದದ್ದು, ರೋಗವು ಕಸಿಯ ಬೆಸುಗೆಯ ಕೆಳಗಿನ ಆಹಾರನಾಳಗಳನ್ನು ಹಾಳುಮಾಡಿದ್ದರಿಂದ. ಬೆಳೆಗಾರರು ಬಳಿಕ ರಂಗಪುರ ಲೈಮ್‌ಗೆ ಬದಲಾದರು, ತೋಟಗಳು ಚೇತರಿಸಿಕೊಂಡವು, ಆ ಒಂದೇ ಬೇರು ದೇಶದ ಬಹುಭಾಗವನ್ನು ಆವರಿಸಿತು. ಆಗ, ಈ ಶತಮಾನದ ಆರಂಭದಲ್ಲಿ, ರಂಗಪುರ ಲೈಮ್ ಮೇಲಿನ ಮರಗಳನ್ನೇ ಹಠಾತ್ತಾಗಿ ಸಾಯಿಸುವ ಇನ್ನೊಂದು ರೋಗ ಅಲ್ಲಿ ಎದುರಾಯಿತು. ಆದ್ದರಿಂದ ಒಂದು ಬೇರು ಒಳ್ಳೆಯದೆಂದು ಖಾತ್ರಿಯಾದರೂ ಇಡೀ ತೋಟವನ್ನು ಅದೊಂದರ ಮೇಲೆಯೇ ನಿಲ್ಲಿಸದೆ, ಎರಡು ಬಗೆಯ ಬೇರುಗಳ ಸಸಿಗಳನ್ನು ಬೇರೆಬೇರೆ ಸಾಲುಗಳಲ್ಲಿ ನೆಟ್ಟು ಗುರುತಿಟ್ಟುಕೊಳ್ಳುವುದು ವಿವೇಕ.

ಬೇರು ಸರಿಯಿದ್ದರೂ ಕಸಿಕುಡಿಯ ಮೂಲಕ ರೋಗ ಒಳಹೊಗಬಹುದೆಂಬುದು ಇನ್ನೂ ಸೂಕ್ಷ್ಮವಾದ ವಿಷಯ. ಎಕ್ಸೊಕಾರ್ಟಿಸ್ ಎಂಬ ವೈರಾಯ್ಡ್, ಅಂದರೆ ನಂಜಿಗಿಂತಲೂ ಸಣ್ಣದಾದ ಸೋಂಕುಕಾರಕ, ಅನೇಕ ಕಿತ್ತಳೆ ಮರಗಳಲ್ಲಿ ಯಾವ ಲಕ್ಷಣವನ್ನೂ ತೋರದೆ ಅಡಗಿರಬಲ್ಲದು. ಅದೇ ಮರದ ಕಣ್ಣನ್ನು ಟ್ರೈಫೋಲಿಯೇಟ್ ಅಥವಾ ರಂಗಪುರ ಬೇರಿನ ಮೇಲೆ ಕೂರಿಸಿದಾಗ ಬುಡದ ತೊಗಟೆ ಸಿಪ್ಪೆಯಾಗಿ ಏಳುತ್ತದೆ, ಮರ ಕುಂಠಿತವಾಗುತ್ತದೆ. ನೋಡಲು ಆರೋಗ್ಯವಾಗಿ ಕಾಣುವ ಹಳೆಯ ಮರದಿಂದ ಕಡ್ಡಿ ಕತ್ತರಿಸಿ ತಂದು ಕಸಿ ಕಟ್ಟುವ ರೂಢಿ ಇದರಿಂದಾಗಿಯೇ ಅಪಾಯಕಾರಿ. ಒಂದು ಮರದಿಂದ ಇನ್ನೊಂದಕ್ಕೆ ಈ ಸೋಂಕನ್ನು ಕಸಿ ಚಾಕುವೇ ದಾಟಿಸುತ್ತದೆ, ಚಾಕುವನ್ನು ಬಿಸಿಮಾಡಿದರೂ ಅದು ಸುಲಭವಾಗಿ ನಾಶವಾಗದು. ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ತೊಳೆಯುವುದು ಫಲಕಾರಿ. ಇಷ್ಟು ಅಗ್ಗದ ಕ್ರಮವನ್ನೂ ಪಾಲಿಸದ ನರ್ಸರಿಯಿಂದ ಸಸಿ ಕೊಳ್ಳದಿರುವುದೇ ಮೇಲು. ರೋಗಪರೀಕ್ಷೆಯಾದ ತಾಯಿಗಿಡಗಳನ್ನು ಕೀಟ ಒಳಬಾರದ ನೆಟ್‌ಹೌಸ್‌ನಲ್ಲಿ ಇರಿಸಿ ಅವುಗಳಿಂದಲೇ ಕಡ್ಡಿ ತೆಗೆಯುವ ಪದ್ಧತಿಗಾಗಿ ಬೆಳೆಗಾರರ ಸಹಕಾರ ಸಂಘಗಳು ಒತ್ತಾಯಿಸಬೇಕಾಗಿದೆ. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಮತ್ತು ನಾಗಪುರದ ಕೇಂದ್ರೀಯ ಸಿಟ್ರಸ್ ಸಂಶೋಧನಾ ಸಂಸ್ಥೆಯಿಂದ ಈ ಬಗ್ಗೆ ಸಲಹೆ ಪಡೆಯಲು ಅವಕಾಶವಿದೆ.

ನೆಡುವಾಗ ಕಸಿಯ ಬೆಸುಗೆ ನೆಲದಿಂದ ಒಂದು ಗೇಣಿನಷ್ಟಾದರೂ ಮೇಲಿರಬೇಕು. ಕಾಫಿ ತೋಟದಲ್ಲಿ ಬುಡಕ್ಕೆ ದರಗು ಮತ್ತು ಮಣ್ಣು ಏರಿಸುವ ಅಭ್ಯಾಸವಿರುವುದರಿಂದ ಕೆಲಸದವರಿಗೆ ಈ ಮಾತನ್ನು ಮುಂಚೆಯೇ ಹೇಳಿರಬೇಕು. ಬೆಸುಗೆ ಮುಚ್ಚಿಹೋದರೆ ಮೇಲಿನ ಕಿತ್ತಳೆಯ ತೊಗಟೆಗೇ ಮಣ್ಣಿನ ರೋಗ ತಗಲುತ್ತದೆ, ರೋಗನಿರೋಧಕ ಬೇರನ್ನು ಆರಿಸಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಬೆಸುಗೆಯ ಕೆಳಗೆ ಹೊರಡುವ ಚಿಗುರನ್ನು ಆಗಾಗ ಚಿವುಟಿಹಾಕುವುದೂ ಅಷ್ಟೇ ಮುಖ್ಯ.

ಗ್ರೀನಿಂಗ್ ರೋಗಕ್ಕೆ ಮಾತ್ರ ಯಾವ ಬೇರೂ ಪರಿಹಾರ ನೀಡುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 2005ರಲ್ಲಿ ಈ ರೋಗ ಪತ್ತೆಯಾದ ಮೇಲೆ ಅಲ್ಲಿನ ಕಿತ್ತಳೆ ಉತ್ಪಾದನೆ ಹಿಂದಿನದರ ಹತ್ತನೇ ಒಂದು ಭಾಗಕ್ಕಿಂತಲೂ ಕೆಳಗಿಳಿದಿದೆ. ಆದ್ದರಿಂದ ಈ ರೋಗವನ್ನು ಹೊತ್ತು ತರಬಹುದಾದ ಅಗ್ಗದ ಸಸಿಗಳನ್ನು ಪರಿಚಯವಿಲ್ಲದ ಊರಿನಿಂದ ಲಾರಿಗಟ್ಟಲೆ ತರಿಸುವ ಯೋಚನೆಯನ್ನು ಕೈಬಿಡುವಂತೆ ಬೆಳೆಗಾರರನ್ನು ಪ್ರಾರ್ಥಿಸಬೇಕಾಗಿದೆ. ಟ್ರೈಫೋಲಿಯೇಟ್ ಸಸಿಗಳು ನಿಧಾನವಾಗಿ ಬೆಳೆಯುವುದರಿಂದ ಬೀಜ ಬಿತ್ತಿ, ಕಸಿ ಕಟ್ಟಿ, ಮಾರಾಟಕ್ಕೆ ಸಿದ್ಧಗೊಳಿಸಲು ಒಂದು ಮಳೆಗಾಲ ಸಾಲದು. ಬೇಕಾದ ಬೇರನ್ನು ಹೆಸರಿಸಿ ನರ್ಸರಿಯಲ್ಲಿ ಈಗಲೇ ಮುಂಗಡ ಕಾದಿರಿಸಿದವರಿಗೆ ಮಾತ್ರ ಮುಂದಿನದರ ಮುಂದಿನ ಮುಂಗಾರಿನಲ್ಲಿ ಅಂಥ ಸಸಿಗಳು ದೊರೆಯುತ್ತವೆ.